ಷರಾ

ಪುಟಕ್ಕೆ ಹನ್ನೊಂದು ರೂಪಾಯಿಯಂತೆ
ಹಳೆಯ ಮಳೆಯನ್ನು ಕಂಪ್ಯೂಟರಿಗೆ ಹತ್ತಿಸುತ್ತಿದ್ದೇನೆ,
ಹಾಸನದ ಹವಾ ಕಚೇರಿಯ ಹಿಂಬದಿ ಕೋಣೆಯಲ್ಲಿ.
ಗೆದ್ದಲು ತಿಂದ ಕಡೆ ಸೊನ್ನೆ ಹಾಕಬಾರದು,
ಖಾಲಿ ಬಿಡಬೇಕು ಅಂದಿದ್ದಾರೆ ಮೇಲಿನವರು.
ಸೊನ್ನೆ ಅಂದರೆ ಮಳೆ ಬರಲಿಲ್ಲ.
ಖಾಲಿ ಅಂದರೆ ಗೊತ್ತಿಲ್ಲ.

ಸಾವಿರದ ಒಂಬೈನೂರ ಎಂಟು, ಕೀಲಕ ಸಂವತ್ಸರ.
ವೀಕ್ಷಕರು: ಧರಣೇಂದ್ರಯ್ಯ.
ದಿನಕ್ಕೆರಡು ಸಲ ಪಾದರಸ, ಒಂದು ಸಲ ಮಳೆ,
ಕೊನೆಯ ಅಂಕಣ ಷರಾ. ಅಲ್ಲಿ ಬರೆಯಬೇಕಾದದ್ದು
ಗುಡುಗು, ಮಂಜು, ಆಲಿಕಲ್ಲು, ಅಷ್ಟೇ.
ಪುಣ್ಯಾತ್ಮರು ಲೋಕವನ್ನೇ ತುರುಕಿದ್ದಾರೆ
ಒಂದೂವರೆ ಇಂಚು ಅಗಲದಲ್ಲಿ.

ರೈಲು ಆಗ ಅರಸೀಕೆರೆಯಲ್ಲಿ ನಿಂತು ಅತ್ತಲೇ ಹೋಗುತ್ತಿತ್ತು.
ಹಾಸನಕ್ಕೆ ಸುದ್ದಿ ಬರುತ್ತಿದ್ದುದು ಎತ್ತಿನ ಕೊರಳ ಗಂಟೆಯ ಹಿಂದೆ,
ಹಳಸಿ, ಒದ್ದೆಯಾಗಿ.
ಅಲ್ಲಿಯವರ ಬೇಸಿಗೆ ಇಲ್ಲಿ ಬಂದು ಬಿಚ್ಚಿದರೆ
ಮಳೆಗಾಲದ ವಾಸನೆ.

ಜೂನ್ ಮೂವತ್ತು, ಮಂಗಳವಾರ. ಆರಿದ್ರೆ, ಹದಿನಾಲ್ಕು ಸೆಂಟು.
ಪಡುವಣ ಗಾಳಿ. ಷರಾ: ವಿಶೇಷವಿಲ್ಲ.

ವಿಶೇಷವಿಲ್ಲ!
ಇಲ್ಲಿ ಬಾಗಿಲಿಗೆ ನೀರು ಹಾಕುವ ಹೊತ್ತಿಗೆ
ಸೈಬೀರಿಯದ ಕಾಡೊಂದು ಅಂಗಾತ ಮಲಗಿತ್ತು,
ಕೋಟಿ ಮರ, ಬುಡವೆಲ್ಲ ಒಳಮುಖ, ತುದಿಯೆಲ್ಲ ಹೊರಮುಖ.
ಆ ಪೆಟ್ಟನ್ನು ಹೊತ್ತು ಗಾಳಿ ಭೂಮಿಯನ್ನೇ ಸುತ್ತಿತಂತೆ.
ಲೆಕ್ಕ ಹಾಕಿದೆ: ಹಾಸನ ದಾಟಿದ್ದು ಹನ್ನೊಂದರ ಆಸುಪಾಸು.
ಎಂಟರ ಲೆಕ್ಕ ಬರೆದಾಗಿತ್ತು, ನಾಲ್ಕರದು ಬಂದಿರಲಿಲ್ಲ,
ಯಾರೂ ನೋಡದ ಗಾಜಿನಲ್ಲಿ ಪಾದರಸ
ಕೂದಲೆಳೆಯಷ್ಟು ನಡುಗಿ ಸುಮ್ಮನಾಗಿರಬೇಕು.

ಮೂರು ವಾರ ಕಳೆದು, ಬೇರೆ ಶಾಯಿಯಲ್ಲಿ:
'ಸೀಮೆಯಲ್ಲಿ ಮೊನ್ನೆ ನಡುರಾತ್ರಿಯೂ ಬೆಳಕಂತೆ.
ದೀಪವಿಲ್ಲದೆ ಪತ್ರಿಕೆ ಓದಿದರಂತೆ.'
ಅದರ ಕೆಳಗೆ ಇರುವೆಯಂಥ ಅಕ್ಷರ:
'ಹಾಗಾದರೆ ಊಟ ಎಲ್ಲಿಯವರೆಗೆ?'
ಗಟ್ಟಿಯಾಗಿ ನಕ್ಕುಬಿಟ್ಟೆ. ಆಮೇಲೆ ಹೊಳೆಯಿತು:
ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಮನೆತನ.
ನಾಲ್ಕರ ಪಾದರಸ ನೋಡಿ ಓಡೋಡಿ ಹೋಗಿ
ತಟ್ಟೆಯ ಮುಂದೆ ಕೂರುತ್ತಿದ್ದ ಮನುಷ್ಯ
ಮುಳುಗದ ಆಕಾಶಕ್ಕೆ ಕೇಳಿದ ಪ್ರಶ್ನೆ ಅದು.

'ತುರ್ಕಿಯಲ್ಲಿ ಸುಲ್ತಾನರ ಕೈಯಲ್ಲೇ ಕಟ್ಟಳೆ ಬರೆಸಿಕೊಂಡರು.
ಮೋಡ ಮುಸುಕು.'

ಜುಲೈ ಇಪ್ಪತ್ತೊಂಬತ್ತರ ಷರಾ ಹೊಡೆದುಹಾಕಿದೆ, ಒತ್ತಿ ಒತ್ತಿ.
ಕಿಟಕಿಗೆ ಹಿಡಿದರೆ ಎರಡೇ ಪದ ಉಳಿದಿವೆ:
ಮಂಡಾಲೆ. ಆರು.
ಸರ್ಕಾರದ ಉಪ್ಪು ತಿನ್ನುವ ಕೈ.
ಶಿಕ್ಷೆಯ ವರ್ಷಕ್ಕೊಂದು ದಿನದಂತೆ ಆರು ದಿನ
ಬೊಂಬಾಯಿಯ ಗಿರಣಿಗಳು ಉಸಿರು ಹಿಡಿದದ್ದು
ನಾನು ಆಮೇಲೆ ಹುಡುಕಿ ಓದಿದ್ದು.

ಆಗಸ್ಟ್ ಐದು. ಆಶ್ಲೇಷೆ.
ಅಂಚಿನಿಂದ ಅಂಚಿಗೆ, ಪುಟ ತಿರುಗಿಸಿ ತಿರುಗಿಸಿ ಬರೆದಿದ್ದಾರೆ.
ಹಳ್ಳ ತುಂಬಿ ಟಪ್ಪಾಲು ಗಾಡಿ ಹೊರಡಲಿಲ್ಲ.
ಮುದ್ಲಿಂಗ ಚೀಲವನ್ನು ತಲೆಗೆ ಬಿಗಿದು
ಅರಸೀಕೆರೆಯಿಂದ ಓಡಿಬಂದು
ಮಳೆಮಾಪಕದ ಬೇಲಿಯ ಹತ್ತಿರ ಕುಸಿದ.
ಚೀಲದಲ್ಲಿ ಪತ್ರಿಕೆ, ಪತ್ರಿಕೆಯಲ್ಲಿ ಲಂಡನ್ನಿನ ಓಟ:
ಗೆರೆಗೆ ನಾಲ್ಕು ಮಾರು ಇದ್ದಾಗ ಬಿದ್ದ ಇಟಲಿಯವನು,
ಹೆಸರಿನ ಮೇಲೆ ನೀರಿಳಿದು ಮಸಿ ಹರಡಿತ್ತು.
ಯಾರೋ ತೋಳು ಹಿಡಿದು ಎಬ್ಬಿಸಿದರು, ದಾಟಿದ,
ಎಬ್ಬಿಸಿದ್ದಕ್ಕೇ ಗೆಲುವನ್ನು ಕಿತ್ತುಕೊಂಡರು.

'ಎಷ್ಟು ದೂರ ಓಡಿದ್ನಂತೆ ಸ್ವಾಮಿ?'
'ಇಪ್ಪತ್ತಾರು ಮೈಲಿ, ಚಿಲ್ಲರೆ.'
'ನಂದೂ ಹೆಚ್ಚುಕಮ್ಮಿ ಅಷ್ಟೇಯ.
ಬಿದ್ದೋನ್ನ ಎತ್ತಿದ್ರೆ ತಪ್ಪಾ? ಯಾವೂರ ನ್ಯಾಯ ಅದು?'

ಉತ್ತರ ಬರೆದಿಲ್ಲ.
ಮಳೆ ಎಂಬ ಅಂಕಣದಲ್ಲಿ, ಅಂಕಿಯ ಜಾಗದಲ್ಲಿ:
'ಅಳೆಯಲಿಲ್ಲ. ಇವನ ಕಾಲಿಗೆ ಬಿಸಿನೀರು ಹಾಕುತ್ತಿದ್ದೆ.'

ಕಂಪ್ಯೂಟರು ಅಕ್ಷರ ಒಪ್ಪುವುದಿಲ್ಲ, ಷರಾ ಬೇಡ ಅಂದಿದ್ದಾರೆ.
ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದೆ.
ಖಾಲಿ ಅಂದರೆ ಗೊತ್ತಿಲ್ಲ.

ಆಗಸ್ಟ್ ಆರು. ಇಪ್ಪತ್ತೆರಡು ಸೆಂಟು.